ಇಂಗ್ಲಿಷಿನಲ್ಲಿ ನರ್ಸಿಂಗ್ ಪಾಠ, ವಾರ್ಡಿನಲ್ಲಿ ಕನ್ನಡದ ರೋಗಿ

ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಮೊದಲ ವರ್ಷದ ಉತ್ತರಪತ್ರಿಕೆ ತಿದ್ದುವ ಅಧ್ಯಾಪಕರಿಗೆ ಎರಡು ಬಗೆಯ ಉತ್ತರಗಳು ಚಿರಪರಿಚಿತ. ಒಂದು, ಪಠ್ಯಪುಸ್ತಕದ ವಾಕ್ಯಗಳು ಅಲ್ಪವಿರಾಮವೂ ತಪ್ಪದಂತೆ ಇಳಿದಿರುವ ಉತ್ತರ. ಇನ್ನೊಂದು, ವ್ಯಾಕರಣ ಹದಗೆಟ್ಟು ಅರ್ಧಕ್ಕೇ ನಿಂತುಹೋದ ಉತ್ತರ. ಮೊದಲನೆಯದಕ್ಕೆ ಅಂಕ ಸಿಗುತ್ತದೆ, ಎರಡನೆಯದಕ್ಕೆ ಕೆಂಪು ಗೆರೆ. ಅದೇ ಇಬ್ಬರನ್ನು ವಾರ್ಡಿನಲ್ಲಿ ರೋಗಿಯ ಪಕ್ಕ ನಿಲ್ಲಿಸಿದಾಗ, ಯಾರಿಗೆ ವಿಷಯ ತಿಳಿದಿದೆ ಎಂಬ ನಮ್ಮ ಅಂದಾಜು ಎಷ್ಟೋ ಸಲ ತಲೆಕೆಳಗಾಗುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ನಾನು ಕಂಡ ದೊಡ್ಡ ತೊಡಕು ಇದೇ: ಬಲ್ಲವರ ತಿಳಿವಳಿಕೆಯೂ ಅರಿಯದವರ ಕೊರತೆಯೂ ಅದರಡಿ ಒಟ್ಟಿಗೇ ಮುಚ್ಚಿಹೋಗುತ್ತವೆ.

ಹಾಗೆಂದು ಇಂಗ್ಲಿಷನ್ನು ಕೈಬಿಡುವಂತಿಲ್ಲ. ಔಷಧದ ಲೇಬಲ್, ಕೇಸ್ ಶೀಟ್, ನರ್ಸಸ್ ನೋಟ್ಸ್, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲಿವೆ. ಒಂದೇ ಬೆಂಚಿನಲ್ಲಿ ಯಾದಗಿರಿ, ಕೊಟ್ಟಾಯಂ, ಇಂಫಾಲದ ಮಕ್ಕಳು ಕೂರುವ ನಮ್ಮ ತರಗತಿಗಳಲ್ಲಿ ಪಾಠವನ್ನು ಪೂರ್ತಿ ಕನ್ನಡಕ್ಕೆ ತಿರುಗಿಸಿದರೆ ಉಳಿದವರು ಹೊರಗುಳಿಯುತ್ತಾರೆ.

ಭಾಷೆಯ ಗೋಡೆ ಎಷ್ಟು ಎತ್ತರವಿರಬಹುದು ಎಂಬುದಕ್ಕೆ ಜಪಾನಿನ ಉದಾಹರಣೆ ನೋಡಬೇಕು. ತಮ್ಮ ದೇಶದಲ್ಲಿ ಅರ್ಹತೆ ಪಡೆದು ಕೆಲಸ ಮಾಡಿದ್ದ ಇಂಡೊನೇಷ್ಯಾದ ನರ್ಸ್‌ಗಳು 2008ರಿಂದ ಆರ್ಥಿಕ ಒಪ್ಪಂದದಡಿ ಅಲ್ಲಿಗೆ ಹೋದರು. 2009ರಲ್ಲಿ ಜಪಾನಿ ಭಾಷೆಯ ರಾಷ್ಟ್ರೀಯ ಪರೀಕ್ಷೆ ಬರೆದಾಗ ಅವರಲ್ಲಿ ಒಬ್ಬರೂ ಉತ್ತೀರ್ಣರಾಗಲಿಲ್ಲ. ಅನಂತರ ಅಲ್ಲಿನ ಸರ್ಕಾರ ಕಷ್ಟದ ಕಾಂಜಿ ಲಿಪಿಗೆ ಉಚ್ಚಾರ ಸೂಚನೆಯನ್ನೂ ಕಾಯಿಲೆಗಳ ಹೆಸರಿಗೆ ಇಂಗ್ಲಿಷನ್ನೂ ಸೇರಿಸಿತು. ನಮ್ಮಲ್ಲಿ ಅಂಥ ಊರುಗೋಲೂ ಇಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ 2021ರ ಪಠ್ಯಕ್ರಮದಲ್ಲಿ ಸಂವಹನ ಇಂಗ್ಲಿಷಿಗೆ ಮೊದಲ ಸೆಮಿಸ್ಟರಿನಲ್ಲಿ 40 ಗಂಟೆ ಇದೆ. ಅದೇ ಸೆಮಿಸ್ಟರಿನಲ್ಲಿ ಅಂಗರಚನೆಗೆ 60, ಶರೀರಕ್ರಿಯೆಗೆ 60 ಗಂಟೆ. ಭಾಷೆ ಕಲಿತ ಮೇಲೆ ವಿಷಯ ಎಂಬ ಕ್ರಮಕ್ಕೆ ಇಲ್ಲಿ ಅವಕಾಶವೇ ಇಲ್ಲವಾದ್ದರಿಂದ, ಭಾಷೆ ಕಲಿಸುವ ಹೊಣೆ ಇಂಗ್ಲಿಷ್ ಮೇಷ್ಟ್ರಿಗಿಂತ ಹೆಚ್ಚಾಗಿ ವಿಷಯ ಕಲಿಸುವ ನಮ್ಮ ಮೇಲೇ ಬೀಳುತ್ತದೆ.

ಹೈಪೊಗ್ಲೈಸೀಮಿಯಾ (ರಕ್ತದಲ್ಲಿ ಸಕ್ಕರೆ ತೀರಾ ಇಳಿಯುವುದು) ಮತ್ತು ಹೈಪರ್‌ಗ್ಲೈಸೀಮಿಯಾ (ಸಕ್ಕರೆ ತೀರಾ ಏರುವುದು) ಎಂಬ ಜೋಡಿಯನ್ನೇ ತೆಗೆದುಕೊಳ್ಳಿ. ಬೋರ್ಡಿನ ಮೇಲೆ ಎರಡನ್ನೂ ಬರೆದು ವ್ಯಾಖ್ಯೆ ಹೇಳಿದರೆ ಇಡೀ ತರಗತಿ ಬರೆದುಕೊಳ್ಳುತ್ತದೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ಅರ್ಧ ತರಗತಿ ಎರಡನ್ನೂ ಅದಲುಬದಲು ಮಾಡುತ್ತದೆ. ಅದರ ಬದಲು ನಾನು ಹತ್ತು ನಿಮಿಷ ಒಂದೇ ತಾಯ್ನುಡಿಯವರನ್ನು ಜೊತೆಗೂಡಿಸಿ, ‘ಸಕ್ಕರೆ ಕಾಯಿಲೆಯವರು ಮಾತ್ರೆ ತೆಗೆದುಕೊಂಡು ತಿಂಡಿ ಬಿಟ್ಟರೆ ಏನಾಗುತ್ತದೆ?’ ಎಂದು ಕೇಳುತ್ತೇನೆ. ಇಂಗ್ಲಿಷಿನಲ್ಲಿ ಬಾಯಿ ಬಿಡದ ಹುಡುಗಿ, ‘ಬೆವರ್ತಾರೆ, ಕೈ ನಡುಗುತ್ತೆ, ಎದೆ ಡವಡವ ಅನ್ನುತ್ತೆ ಮೇಡಂ, ನಮ್ಮಜ್ಜಿಗೆ ಹಾಗೇ ಆಗ್ತಿತ್ತು’ ಎನ್ನುತ್ತಾಳೆ. ಎಚ್ಚರವಿದ್ದರೆ 15 ಗ್ರಾಂ ಗ್ಲೂಕೋಸ್ ಕೊಟ್ಟು 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು ಎಂಬುದನ್ನು ಆ ಅಜ್ಜಿಯ ಉದಾಹರಣೆಯಲ್ಲೇ ಕಲಿತ ಮೇಲೆ ಇಂಗ್ಲಿಷ್ ಹೆಸರನ್ನು ಕೊಟ್ಟರೆ, ಅದು ಅಂಟಿಕೊಳ್ಳಲು ಒಂದು ಜಾಗವಿರುತ್ತದೆ. ಪಕ್ಕದ ಮಲಯಾಳಿ, ಮಣಿಪುರಿ ಜೋಡಿಗಳೂ ಇದನ್ನೇ ಮಾಡಿರುತ್ತವೆ. ಕೊನೆಗೆ ಎಲ್ಲರೂ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಪರಸ್ಪರ ಹೇಳಬೇಕು. ಸಿಲಬಸ್ ಮುಗಿಯುವುದಿಲ್ಲ ಎಂಬ ಆಕ್ಷೇಪ ಇದ್ದೇ ಇದೆ. ಮುಗಿಸಿದ ಸಿಲಬಸ್ಸಿನಲ್ಲಿ ಎಷ್ಟು ಉಳಿಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಪ್ರಶ್ನೆಪತ್ರಿಕೆಯ ಭಾಷೆಯೂ ಸರಳವಾಗಬೇಕು. ‘ಇವುಗಳಲ್ಲಿ ಒಂದನ್ನು ಬಿಟ್ಟು ಉಳಿದುವೆಲ್ಲ ಮಾಡಬಾರದವು, ಆ ಒಂದು ಯಾವುದು?’ ಎಂಬಂಥ ಎರಡು ನಿಷೇಧಗಳ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದಾಗ ನಾವು ಅಳೆಯುವುದು ಶುಶ್ರೂಷೆಯ ಜ್ಞಾನವನ್ನಲ್ಲ.

ಬಿಗಿಯಾಗಿರಬೇಕಾದ ಇಂಗ್ಲಿಷ್ ಬೇರೆ ಕಡೆ ಇದೆ. ಪಾಳಿ ಬದಲಾಗುವಾಗ ರೋಗಿಯ ವಿವರ ಒಪ್ಪಿಸುವ ಹ್ಯಾಂಡೋವರಿನಲ್ಲಿ, ಅದರಲ್ಲೂ ಫೋನಿನಲ್ಲಿ ಬಂದ ಆದೇಶದಲ್ಲಿ, ಫಿಫ್ಟೀನ್ ಮತ್ತು ಫಿಫ್ಟಿ ಒಂದೇ ಥರ ಕೇಳಿಸುತ್ತವೆ. ‘ಒನ್ ಫೈವ್’ ಎಂದು ಅಂಕಿಯಂಕಿಯಾಗಿ ಓದಿಹೇಳಿ ಖಚಿತಪಡಿಸಿಕೊಳ್ಳುವುದನ್ನು ಮೊದಲ ವಾರವೇ ರೂಢಿಸಬೇಕು. ಇನ್ಸುಲಿನ್ ಪಕ್ಕ ಬರೆದ ‘ಯು’ ಅಕ್ಷರ ಸೊನ್ನೆಯಂತೆ ಕಂಡು ಡೋಸ್ ಹತ್ತು ಪಟ್ಟಾಗಬಹುದು, ಹಾಗಾಗಿ ‘ಯುನಿಟ್ಸ್’ ಎಂದು ಪೂರ್ತಿ ಬರೆಯಬೇಕು. ಇಂಥ ಕಡೆ ನಾನು ಕಾಗುಣಿತಕ್ಕೂ ಅಂಕ ಕಳೆಯುತ್ತೇನೆ. ಪ್ರಬಂಧದಲ್ಲಿ ಕ್ರಿಯಾಪದ ತಪ್ಪಿದರೆ ಕಳೆಯುವುದಿಲ್ಲ.

ಇನ್ನು ಆರೋಗ್ಯ ಶಿಕ್ಷಣದ ಚಾರ್ಟುಗಳು. ವಿದ್ಯಾರ್ಥಿಗಳು ರಾತ್ರಿಯಿಡೀ ಕೂತು ಸ್ಕೆಚ್ ಪೆನ್ನಿನಲ್ಲಿ ಸುಂದರ ಇಂಗ್ಲಿಷಿನಲ್ಲಿ ಬರೆದು ತಂದ ಚಾರ್ಟನ್ನು ಮಕ್ಕಳ ವಾರ್ಡಿನ ತಾಯಂದಿರ ಮುಂದೆ ನೇತುಹಾಕುತ್ತಾರೆ. ತಾಯಂದಿರು ಚಿತ್ರ ನೋಡುತ್ತಾರೆ, ಪರೀಕ್ಷಕರು ಚಾರ್ಟ್ ನೋಡಿ ಅಂಕ ಹಾಕುತ್ತಾರೆ. ಆ ಅಂಕವನ್ನು ತಾಯಿಯ ಬಾಯಿಂದ ಪಡೆಯುವಂತೆ ಮಾಡಬೇಕೆಂಬುದು ನನ್ನ ಒತ್ತಾಯ. ಭೇದಿಗೆ ಕೊಡುವ ಓಆರ್‌ಎಸ್‌ನ ಒಂದು ಲೀಟರ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಶುದ್ಧ ನೀರಿಗೇ ಹಾಕಬೇಕು, 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಬೇಕು ಎಂದು ವಿದ್ಯಾರ್ಥಿ ಕನ್ನಡದಲ್ಲಿ ಹೇಳಿಕೊಡಲಿ. ತಾಯಿ ಅದನ್ನು ತಿರುಗಿ ತನ್ನ ಮಾತಿನಲ್ಲಿ ಹೇಳಲಿ. ಆಕೆ ಏನು ಹೇಳಿದಳು, ಎಲ್ಲಿ ತಪ್ಪಿದಳು ಎಂಬುದನ್ನು ವಿದ್ಯಾರ್ಥಿ ನರ್ಸಸ್ ನೋಟ್ಸಿನಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ದಾಖಲಿಸಲಿ. ಕೇರಳದಿಂದ ಬಂದವರು ಇದಕ್ಕೆ ಕನ್ನಡ ಕಲಿಯಬೇಕಾಗುತ್ತದೆ, ಯಾದಗಿರಿಯವರು ಇಂಗ್ಲಿಷ್ ಕಲಿಯಬೇಕಾಗುತ್ತದೆ. ಇಂಟರ್ನಲ್ಸ್ ಅಂಕಗಳನ್ನು ಈ ಎರಡಕ್ಕೂ ಸಮನಾಗಿ ಹಂಚಲು ಕಾಲೇಜಿನ ಮಟ್ಟದಲ್ಲೇ ಸಾಧ್ಯವಿದೆ.