ನೆಲವನ್ನು ಒತ್ತದ ವಿಮಾನ

"ಮಾವ, ಇದು ನೆಲಕ್ಕೆ ಗಾಳಿ ಒತ್ತಿ ಮೇಲೆ ನಿಲ್ಲುವುದಲ್ವಾ?" ಅಕ್ಕನ ಮಗ ಕೇಳಿದ.

ಗೋವಾದ ಬೊಗ್ಮಾಲೊದಲ್ಲಿ ನೌಕಾಪಡೆಯ ವಿಮಾನ ಮ್ಯೂಸಿಯಂ ಇದೆ. ಕಾಸರಗೋಡಿನಲ್ಲಿ ರಾತ್ರಿ ರೈಲು ಹತ್ತಿ, ಮಡಗಾಂವ್‌ನಲ್ಲಿ ಇಳಿದು ಹೋಗಿದ್ದೆವು. 1971ರ ಯುದ್ಧದಲ್ಲಿ ವಿಕ್ರಾಂತ್ ಹಡಗಿನಿಂದ ಹಾರಿದ ಸೀ ಹಾಕ್, ಅಲಿಝೆ ಜಾತಿಯ ವಿಮಾನಗಳು ಅಲ್ಲಿವೆ. ನಾಲ್ಕು ಎಂಜಿನ್ನಿನ ಸೂಪರ್ ಕಾನ್‌ಸ್ಟಲೇಶನ್ ಕೂಡ ಇದೆ. ಅವನ್ನೆಲ್ಲ ಬೇಗ ನೋಡಿ ಮುಗಿಸಿದೆವು. ಗಾಳಿಯಲ್ಲಿ ನಿಂತಲ್ಲೇ ನಿಲ್ಲಬಲ್ಲ ಯುದ್ಧವಿಮಾನ ಸೀ ಹ್ಯಾರಿಯರ್ ಹತ್ತಿರ ಬಂದ ಮೇಲೆ ಮಾತ್ರ ಕಾಲು ಕೀಳಲಿಲ್ಲ. ಹುಡುಗ ಕೇಳಿದ್ದು ಇದನ್ನೇ ನೋಡಿ.

ಅದರ ಹೊಟ್ಟೆಯ ಎರಡೂ ಬದಿಗೆ ಎರಡೆರಡು ನಾಝಲ್, ಅಂದರೆ ಗಾಳಿ ಹೊರಗೆ ಚಿಮ್ಮುವ ಬಾಯಿ. ಮುಂದಿನ ಜೋಡಿಯಲ್ಲಿ ಎಂಜಿನ್ನಿನ ಫ್ಯಾನ್ ನೂಕಿದ ಗಾಳಿ ಬರುತ್ತದೆ. ಹಿಂದಿನ ಜೋಡಿಯಲ್ಲಿ ಉರಿದ ಬಿಸಿ ಗಾಳಿ. ನಿಂತಲ್ಲೇ ನಿಲ್ಲಲು ನಾಝಲ್ ಕೆಳಕ್ಕೆ ತಿರುಗಬೇಕು, ಮುಂದೆ ಹಾರಲು ಹಿಂದಕ್ಕೆ. ನಾಲ್ಕೂ ಒಟ್ಟಿಗೆ ತಿರುಗಬೇಕು. ಒಂದು ಹಿಂದುಳಿದರೂ ವಿಮಾನ ಮಗುಚುತ್ತದೆ. ಅದಕ್ಕೆ ಒಳಗೆ ಶಾಫ್ಟು, ಬೈಕಿನಲ್ಲಿರುವಂಥ ಚೈನು ಹಾಕಿ ನಾಲ್ಕನ್ನೂ ಒಂದಕ್ಕೊಂದು ಬಿಗಿದಿದ್ದಾರೆ. ಬದಿಯ ಜಾಗವನ್ನು ನಾಝಲ್‌ಗಳು ತಿಂದುಬಿಟ್ಟವು, ಹಾಗಾಗಿ ದೊಡ್ಡ ಚಕ್ರಗಳೆಲ್ಲ ಹೊಟ್ಟೆಯಡಿ ಒಂದರ ಹಿಂದೆ ಒಂದು. ರೆಕ್ಕೆಯ ತುದಿಯಲ್ಲಿ ಮಕ್ಕಳ ಸೈಕಲ್ಲಿಗೆ ಇರುವ ಹಾಗೆ ಎರಡು ಪುಟ್ಟ ಚಕ್ರ.

ಈಗ ಅವನ ಪ್ರಶ್ನೆ. ಕಲಿತವರೂ ಹೀಗೇ ಹೇಳುವುದನ್ನು ಕೇಳಿದ್ದೇನೆ. ಇದು ತಪ್ಪು, ಬೇರುಸಮೇತ ಕೀಳಬೇಕಾದ ತಪ್ಪು.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವಾಗ ಸ್ಪ್ರೇ ಗನ್ನು ಹಿಡಿದಿದ್ದೀರಾ? ಪಂಪಿನ ಒತ್ತಡ ಬಂದ ಕೂಡಲೇ ಅದು ಕೈಯನ್ನು ಹಿಂದಕ್ಕೆ ನೂಕುತ್ತದೆ. ಆಗ ಮದ್ದು ಇನ್ನೂ ಗೊನೆಗೆ ತಾಗಿಯೇ ಇಲ್ಲ. ಗುರಿ ತಪ್ಪಿ ಬರೀ ಆಕಾಶಕ್ಕೆ ಹೋದರೂ ನೂಕು ಅಷ್ಟೇ. ತೋಟದಲ್ಲಿ ಗಿರಗಿರ ತಿರುಗುವ ಪುಟ್ಟ ಸ್ಪ್ರಿಂಕ್ಲರ್ ನೋಡಿ. ನೀರು ಒಂದು ಕಡೆ ಚಿಮ್ಮುತ್ತದೆ, ತೋಳು ಇನ್ನೊಂದು ಕಡೆ ಓಡುತ್ತದೆ. ಚಂದ್ರಗಿರಿ ಹೊಳೆಯಲ್ಲಿ ದೋಣಿಯಿಂದ ದಡಕ್ಕೆ ಹಾರಿದರೆ ದೋಣಿ ಹಿಂದೆ ಸರಿಯುತ್ತದಲ್ವಾ? ನೂಕು ಹುಟ್ಟುವುದು ಎಸೆಯುವಾಗ. ಎಸೆದದ್ದು ಎಲ್ಲಿ ಹೋಗಿ ಬಡಿಯಿತು ಅನ್ನುವುದು ಲೆಕ್ಕಕ್ಕಿಲ್ಲ. ಹ್ಯಾರಿಯರ್ ಗಾಳಿಯನ್ನು ಕೆಳಗೆ ಎಸೆಯುತ್ತದೆ, ಗಾಳಿ ಅದನ್ನು ಮೇಲೆ ನೂಕುತ್ತದೆ. ನೆಲ ಹತ್ತಿರವಿದ್ದರೆ ಸಹಾಯಕ್ಕಿಂತ ತೊಂದರೆಯೇ ಜಾಸ್ತಿ. ನೆಲಕ್ಕೆ ಬಡಿದ ಬಿಸಿ ಗಾಳಿ ಪುಟಿದು ಎಂಜಿನ್ನಿನ ಬಾಯಿಗೇ ಬಂದರೆ ಅದರ ಶಕ್ತಿ ಕುಂದುತ್ತದೆ.

ನಿಂತಲ್ಲೇ ನಿಂತಾಗ ರೆಕ್ಕೆಯ ಮೇಲೆ ಗಾಳಿ ಹರಿಯುವುದಿಲ್ಲ, ಬಾಲ ತಿರುಗಿಸಿ ಪ್ರಯೋಜನವಿಲ್ಲ. ಆಗ ಮೂಗು, ಬಾಲ, ರೆಕ್ಕೆಗಳ ತುದಿಯಲ್ಲಿರುವ ಸಣ್ಣ ಕಿಂಡಿಗಳಿಂದ ಗಾಳಿ ಊದಿ ಪೈಲಟ್ ವಿಮಾನವನ್ನು ಸಮ ಮಾಡುತ್ತಾರೆ.

ಈ ಯೋಚನೆಯ ಬೀಜ ಫ್ರಾನ್ಸಿನ ಮಿಶೆಲ್ ವಿಬೋ ಅವರದು. ಇಂಗ್ಲೆಂಡಿನ ಬ್ರಿಸ್ಟಲ್ ಕಂಪನಿಯವರು ಅದನ್ನು ಪೆಗಾಸಸ್ ಎಂಜಿನ್ ಮಾಡಿದರು. 1960ರಲ್ಲಿ ಮೊದಲ ಮಾದರಿ ವಿಮಾನ ನೆಲ ಬಿಟ್ಟು ನಿಂತಿತು. ಹಸುವಿನ ಹಾಗೆ ಹಗ್ಗ ಕಟ್ಟಿ ನಿಲ್ಲಿಸಿದ್ದರು! ನಮ್ಮ ನೌಕಾಪಡೆಗೆ ಸೀ ಹ್ಯಾರಿಯರ್ ಬಂದದ್ದು 1983ರಲ್ಲಿ, ನಿವೃತ್ತಿ 2016ರ ಮೇ ತಿಂಗಳಲ್ಲಿ, ಇದೇ ಗೋವಾದಲ್ಲಿ.

ಇನ್ನೊಂದು ತಪ್ಪು ಕಲ್ಪನೆ, ಇದು ಯಾವಾಗಲೂ ನೆಟ್ಟಗೆ ಮೇಲೇರುತ್ತದೆ ಅನ್ನುವುದು. ಎಂಜಿನ್ ಎತ್ತುವುದು ಸುಮಾರು 9,700 ಕಿಲೋ. ಇಂಧನ, ಆಯುಧ ಪೂರ್ತಿ ತುಂಬಿದರೆ ವಿಮಾನದ ತೂಕ 11,800 ಕಿಲೋ ದಾಟುತ್ತದೆ. ಏಳುವುದೆಲ್ಲಿಂದ? ಅದಕ್ಕೇ ನಮ್ಮ ವಿಮಾನವಾಹಕ ವಿರಾಟ್ ಹಡಗಿನ ಮೂತಿಯನ್ನು 12 ಡಿಗ್ರಿ ಮೇಲಕ್ಕೆ ಬಾಗಿಸಿದ್ದರು. ಓಡಿ ಬಂದ ವಿಮಾನವನ್ನು ಆ ಏರು ಮೇಲಕ್ಕೆ ಚಿಮ್ಮಿಸುತ್ತದೆ. ಪೂರ್ತಿ ವೇಗ ಬರುವವರೆಗೆ ನಾಝಲ್ ಅರ್ಧ ಹೊರುತ್ತದೆ, ರೆಕ್ಕೆ ಅರ್ಧ ಹೊರುತ್ತದೆ. ಇಂಧನ ಖರ್ಚಾಗಿ ಹಗುರಾಗಿ ಬಂದ ಮೇಲೆ ಮಾತ್ರ ನೆಟ್ಟಗೆ ಇಳಿಯುವುದು.

ಅಲ್ಲೂ ಒಂದು ಲೆಕ್ಕವಿದೆ. ಅರಬ್ಬಿ ಸಮುದ್ರದ ಮಧ್ಯಾಹ್ನದ ಬಿಸಿಗೆ ಗಾಳಿ ತೆಳ್ಳಗಿರುತ್ತದೆ, ಎಂಜಿನ್ ಜಾಸ್ತಿ ದುಡಿಯಬೇಕು. ದುಡಿದರೆ ಅದರ ಟರ್ಬೈನ್ ಎಲೆಗಳು, ಅಂದರೆ ಬಿಸಿ ಗಾಳಿಗೆ ತಿರುಗುವ ಚಕ್ರದ ಎಲೆಗಳು, ಕಾದು ಹಾಳಾಗುತ್ತವೆ. ತಂಪು ಮಾಡಲು ಒಳಗೆ ನೀರು ಚಿಮುಕಿಸುತ್ತಾರೆ. ವಿಮಾನದ ಟ್ಯಾಂಕಿನಲ್ಲಿರುವುದು ಸುಮಾರು 227 ಲೀಟರ್.

"ಅಂದರೆ ನಮ್ಮ ಮದ್ದಿನ ಡ್ರಮ್ಮಿಗಿಂತ ಸ್ವಲ್ಪ ಜಾಸ್ತಿ," ಎಂದ ಹುಡುಗ.

ಹೌದು. ಮತ್ತೆ ಅದು ಖಾಲಿಯಾಗುವುದು ಒಂದೂವರೆ ನಿಮಿಷದಲ್ಲಿ. ಅಷ್ಟರಲ್ಲಿ, ಅಲೆಯ ಮೇಲೆ ಆಡುತ್ತಿರುವ ಹಡಗಿನ ಮೇಲೆ ಪೈಲಟ್ ಇಳಿದು ಮುಗಿಸಬೇಕು.