ಬದುಕೋದು ಯಾತಕ್ಕೆ? ಬೇಗೂರಿನ ಕಲ್ಲಿನಿಂದ ಫ್ರೀಡಂ ಪಾರ್ಕ್‌ವರೆಗೆ

ಬೆಂಗಳೂರು ಅನ್ನೋ ಹೆಸರು ನಮಗೆ ಮೊದಲು ಸಿಗುವುದೇ ಒಂದು ಸಾವಿನ ಸುದ್ದಿಯಲ್ಲಿ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ಶಾಸನ ಅದು. ಕಾಲ ಸುಮಾರು 890. ಬೆಂಗಳೂರ ಕಾಳಗದಲ್ಲಿ, ಗಂಗರ ಅಧಿಕಾರಿಯಾಗಿದ್ದ ನಾಗತ್ತರನ ಕಡೆಯವನೊಬ್ಬ ಸತ್ತ ಅನ್ನುವುದೇ ಅದರ ಮುಖ್ಯ ವಿಷಯ. ಒಬ್ಬ ಮನುಷ್ಯ ಇದ್ದ, ಹೀಗೆ ಸತ್ತ, ಅವನನ್ನು ಮರೆಯಬಾರದು. ಇಷ್ಟು ಹೇಳೋಕೆ ಜನ ಕಲ್ಲಿನ ಮೇಲೆ ಅಕ್ಷರ ಕೊರೆಸಿದ್ದಾರೆ.

ಬದುಕಿಗೆ ಅರ್ಥ ಏನು, ಗುರಿ ಏನು ಅನ್ನೋ ಮಾತು ಬಂದ ಕೂಡಲೇ ನಾವು ಗೀತೆಯ ಕಡೆಗೋ ಪಶ್ಚಿಮದ ತತ್ವಜ್ಞಾನಿಗಳ ಕಡೆಗೋ ತಿರುಗುತ್ತೇವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಬೆಂಗಳೂರಿನಲ್ಲಿ ಕೂತವರಿಗೆ ಈ ಪ್ರಶ್ನೆಯ ಚರಿತ್ರೆ ಹುಡುಕಲು ಅಷ್ಟು ದೂರ ಹೋಗಬೇಕಾಗಿಲ್ಲ. ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಈ ಊರಿನಲ್ಲಿ, ಈ ನಾಡಿನಲ್ಲಿ ಜನ ಇದನ್ನು ಕೇಳುತ್ತಲೇ ಬಂದಿದ್ದಾರೆ. ಅದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ಅಂಶ ಎದ್ದು ಕಾಣುತ್ತದೆ. ಉತ್ತರ ಬದಲಾಗಿದ್ದು ಪಂಡಿತರ ವಾದದಿಂದ ಮಾತ್ರ ಅಲ್ಲ. ಪ್ರಶ್ನೆ ಕೇಳುವ ಜನ ಬದಲಾದಾಗಲೆಲ್ಲ ಉತ್ತರವೂ ಬದಲಾಗಿದೆ.

ಮೊದಲು ಕೇಳಿದವರು, ಅಥವಾ ನಮಗೆ ಸಾಕ್ಷಿ ಬಿಟ್ಟು ಹೋದವರು, ಯೋಧರು. ವೀರಗಲ್ಲುಗಳನ್ನು ನೋಡಿದ್ದೀರಲ್ವಾ? ಸಾಮಾನ್ಯವಾಗಿ ಮೂರು ಹಂತ ಇರುತ್ತದೆ. ಕೆಳಗೆ ಕಾಳಗ. ನಡುವೆ ಸತ್ತವನನ್ನು ಅಪ್ಸರೆಯರು ಕರೆದುಕೊಂಡು ಹೋಗುತ್ತಿರುವುದು. ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುವುದು. ಇಂಥ ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಸಂಸ್ಕೃತ ಶ್ಲೋಕವಿದೆ. ಗೆದ್ದರೆ ಸಂಪತ್ತು, ಸತ್ತರೆ ಸ್ವರ್ಗದ ಹೆಣ್ಣು, ಕ್ಷಣದಲ್ಲಿ ಅಳಿಯುವ ಈ ಮೈಗೆ ರಣದಲ್ಲಿ ಸಾವಿನ ಚಿಂತೆ ಯಾಕೆ ಅನ್ನುವುದು ಅದರ ತಾತ್ಪರ್ಯ. ಒಡೆಯನಿಗಾಗಿ, ಊರಿಗಾಗಿ, ದನಕರುಗಳಿಗಾಗಿ ಪ್ರಾಣ ಕೊಡು, ಅದರಿಂದ ಬದುಕು ಸಾರ್ಥಕ. ಉತ್ತರ ಬಹಳ ಸರಳ. ಅದನ್ನು ಯುವಕರಿಂದ ಹೇಳಿಸುವುದು ಅರಸರಿಗೂ ಅನುಕೂಲವಾಗಿತ್ತು ಅನ್ನುವುದನ್ನು ಮರೆಯುವ ಹಾಗಿಲ್ಲ.

ಈ ಸಾಲಿನಲ್ಲಿ ನನಗೆ ತುಂಬ ಇಷ್ಟವಾದ ಕಲ್ಲು ಯಾವ ಯೋಧನದ್ದೂ ಅಲ್ಲ, ಒಂದು ನಾಯಿಯದ್ದು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರು ಶಾಸನ ಅದು. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ಮಣಲೇರ ಅನ್ನುವವನು ಶೌರ್ಯ ತೋರಿಸಿದ. ಗಂಗರ ಅರಸ ಬೂತುಗ ಖುಷಿಯಾಗಿ ಏನು ಬೇಕು ಕೇಳು ಅಂದ. ಮಣಲೇರ ಊರು, ಹೊನ್ನು ಏನೂ ಕೇಳಲಿಲ್ಲ. ಕಾಳಿ ಅನ್ನೋ ಬೇಟೆನಾಯಿಯನ್ನು ಕೇಳಿ ಪಡೆದ. ಆಮೇಲೆ ಆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಸೆಣಸಿ, ಅದನ್ನು ಕೊಂದು, ತಾನೂ ಸತ್ತಿತು. ಕಾಳಿಯ ನೆನಪಿಗೆ ಸುಮಾರು 950ರಲ್ಲಿ ಕಲ್ಲು ನಿಲ್ಲಿಸಿ, ಪೂಜೆಗೆ ಜಮೀನನ್ನೂ ಬಿಟ್ಟರು. ಪೂಜೆ ಮಾಡದೆ ಉಂಡರೆ ಪಾಪ ಬರುತ್ತದೆ ಅಂತ ಪೂಜಾರಿಗೆ ಎಚ್ಚರಿಕೆಯನ್ನೂ ಬರೆಸಿದರು. ಬದುಕಿನ ಬೆಲೆ ಜಾತಿ, ಕುಲ, ಕೊನೆಗೆ ಮನುಷ್ಯಜನ್ಮಕ್ಕೂ ಅಂಟಿಕೊಂಡಿಲ್ಲ ಅಂತ ಹತ್ತನೇ ಶತಮಾನದ ಒಬ್ಬನಿಗೆ ಅನ್ನಿಸಿತ್ತಲ್ಲ. ಅದು ದೊಡ್ಡ ಮಾತು.

ಅದೇ ಕಾಲದಲ್ಲಿ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಉತ್ತರ ಇತ್ತು. ಅಲ್ಲಿನ ಬಂಡೆಗಳ ಮೇಲೆ ಸಲ್ಲೇಖನ ವ್ರತ ಹಿಡಿದು, ಆಹಾರ ಬಿಟ್ಟು, ಶಾಂತವಾಗಿ ದೇಹ ತ್ಯಜಿಸಿದವರ ಹೆಸರುಗಳಿವೆ. ಯೋಧನಿಗೆ ಗೆಲ್ಲಬೇಕಾದ್ದು ಶತ್ರುವನ್ನು. ಜೈನ ಮುನಿಗೆ ಗೆಲ್ಲಬೇಕಾದ್ದು ತನ್ನ ಆಸೆಯನ್ನು.

ವೇದಾಂತದ ಮೂರು ದೊಡ್ಡ ಮತಗಳಿಗೂ ಕರ್ನಾಟಕದಲ್ಲೇ ನೆಲೆ ಸಿಕ್ಕಿದೆ. ಶಂಕರರ ಶೃಂಗೇರಿ, ರಾಮಾನುಜರ ಮೇಲುಕೋಟೆ, ಮಧ್ವರ ಉಡುಪಿ. ಮೂವರೂ ಬದುಕಿನ ಗುರಿ ಮೋಕ್ಷ ಅನ್ನುತ್ತಾರೆ. ಆದರೆ ಮೋಕ್ಷ ಅಂದರೆ ಏನು ಅನ್ನುವಲ್ಲಿ ಒಬ್ಬರದ್ದು ಒಬ್ಬರಿಗೆ ಆಗಿಬರುವುದಿಲ್ಲ. ನೀನೇ ಬ್ರಹ್ಮ, ಅದು ಗೊತ್ತಾದರೆ ಸಾಕು ಅನ್ನುವುದು ಅದ್ವೈತ. ದೇವರ ಸೇವೆಯಲ್ಲಿ ಸದಾ ಇರುವುದೇ ಗುರಿ ಅನ್ನುವುದು ವಿಶಿಷ್ಟಾದ್ವೈತ. ಜೀವ ಎಂದೂ ದೇವರಾಗುವುದಿಲ್ಲ, ಮುಕ್ತಿ ಸಿಕ್ಕ ಮೇಲೂ ಬೇರೆಯೇ ಅನ್ನುವುದು ದ್ವೈತ. ಈ ವಾದಗಳನ್ನು ಬಲ್ಲವರು ಚೆನ್ನಾಗಿ ಬರೆದಿದ್ದಾರೆ, ನಾನು ಬೆಳೆಸುವುದಿಲ್ಲ.

ಒಂದು ಸಂಗತಿ ಮಾತ್ರ ಹೇಳಲೇಬೇಕು. ಹದಿನಾಲ್ಕನೇ ಶತಮಾನದಲ್ಲಿ ಶೃಂಗೇರಿ ಪರಂಪರೆಯ ಮಾಧವಾಚಾರ್ಯರು ‘ಸರ್ವದರ್ಶನಸಂಗ್ರಹ’ ಬರೆದರು. ವಿದ್ಯಾರಣ್ಯರು ಇವರೇ ಅಂತ ಸಂಪ್ರದಾಯ ಹೇಳುತ್ತದೆ. ಆ ಗ್ರಂಥದ ಮೊದಲ ಅಧ್ಯಾಯವೇ ಚಾರ್ವಾಕರದ್ದು. ಇರುವುದು ಇದೊಂದೇ ಜನ್ಮ, ಸುಡುವ ದೇಹ ಮತ್ತೆ ಬರುವುದಿಲ್ಲ, ಇರುವಷ್ಟು ದಿನ ಸುಖವಾಗಿ ಇರು ಅನ್ನುವವರ ಮಾತು ಅದು. ಚಾರ್ವಾಕರ ಸ್ವಂತ ಗ್ರಂಥಗಳು ಹೆಚ್ಚುಕಡಿಮೆ ಕಳೆದುಹೋಗಿವೆ. ಅವರ ವಾದ ನಮಗೆ ಉಳಿದಿರುವುದರಲ್ಲಿ ಅವರನ್ನು ಒಪ್ಪದ ಒಬ್ಬ ಅದ್ವೈತಿಯ ಪಾಲು ದೊಡ್ಡದು. ತನಗೆ ಒಪ್ಪದ ವಾದವನ್ನೂ ಮೊದಲು ಸರಿಯಾಗಿ ಹೇಳಿ, ಆಮೇಲೆ ಖಂಡಿಸು ಅನ್ನೋ ಆ ಶಿಸ್ತು ಇವತ್ತಿನ ಚರ್ಚೆಗಳಲ್ಲಿ ಎಷ್ಟು ಕಡಿಮೆಯಾಗಿದೆ ಅಂತ ಯೋಚಿಸಿದರೆ ಬೇಜಾರಾಗುತ್ತದೆ.

ಇದಕ್ಕೂ ಮೊದಲೇ, ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ, ಪ್ರಶ್ನೆ ಪಂಡಿತರ ಕೈಯಿಂದ ಜಾರಿಹೋಗಿತ್ತು. ಅಗಸ, ಅಂಬಿಗ, ಚಮ್ಮಾರ, ಬುಟ್ಟಿ ಹೆಣೆಯುವವರು ಕೂಡ ಬದುಕು ಏನು ಅಂತ ಮಾತಾಡತೊಡಗಿದರು. ಬೀದಿಯಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಕಾಯಕದಲ್ಲಿ ಮುಳುಗಿದ್ದರೆ ಗುರು ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಅಂದವನು ಅವನು. ‘ಕಾಯಕವೇ ಕೈಲಾಸ’ ಅನ್ನುವ ಮಾತು ಆ ವಚನದಲ್ಲೇ ಇದೆ. ಸತ್ತ ಮೇಲೆ ಸಿಗುವ ಕೈಲಾಸವನ್ನು ಅವನು ಬೆಳಗ್ಗೆ ಎದ್ದು ಮಾಡುವ ಕೆಲಸಕ್ಕೇ ಇಳಿಸಿಬಿಟ್ಟ.

ಆದರೆ ಕಥೆಯ ಅರ್ಧ ಭಾಗ ಅವನ ಹೆಂಡತಿ ಲಕ್ಕಮ್ಮನದ್ದು. ಒಂದು ದಿನ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ಅದನ್ನು ನೋಡಿ ಲಕ್ಕಮ್ಮ ಕೇಳಿದಳು: ಇದು ನಿಮ್ಮ ಮನಸ್ಸೋ, ಬಸವಣ್ಣನ ಅನುಮಾನದ ಚಿತ್ತವೋ? ‘ಅಲ್ಲಿಯೇ ಸುರಿದು ಬನ್ನಿ ಮಾರಯ್ಯಾ’ ಅಂತ ವಾಪಸ್ ಕಳಿಸಿದಳು. ಆಸೆ ಅನ್ನುವುದು ಅರಸನಿಗೆ ಇರಬಹುದು, ಶಿವಭಕ್ತರಿಗೆ ಉಂಟೇ ಅನ್ನುವುದು ಅವಳದ್ದೇ ಇನ್ನೊಂದು ವಚನದ ಪ್ರಶ್ನೆ. ಕೆಲಸ ಮಾಡು, ದುಡಿದದ್ದನ್ನು ದಾಸೋಹಕ್ಕೆ ಹಂಚು, ನಾಳೆಗೆ ಅಂತ ಕೂಡಿಡಬೇಡ. ಈ ಮೂರೂ ಒಟ್ಟಿಗೆ ಇದ್ದರೆ ಮಾತ್ರ ಕಾಯಕಕ್ಕೆ ಅರ್ಥ.

ಇದನ್ನು ಒತ್ತಿ ಹೇಳಲು ಕಾರಣವಿದೆ. 1956ರಲ್ಲಿ ಮುಗಿದ ವಿಧಾನಸೌಧದ ಮೇಲೆ ಕೆಂಗಲ್ ಹನುಮಂತಯ್ಯನವರು ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಬರೆಸಿದರು. ಒಳ್ಳೆಯ ಆಶಯ. ಆದರೆ ಕೆಲಸವೇ ದೇವರು ಅನ್ನುವುದನ್ನು ಮೇಲಿನವರು ಕೆಳಗಿನವರಿಗೆ ಹೇಳತೊಡಗಿದರೆ ಅದು ಬಾಯಿ ಮುಚ್ಚಿಕೊಂಡು ದುಡಿ ಅಂತ ಆಗಿಬಿಡುತ್ತದೆ. ಇವತ್ತು ಎಷ್ಟೋ ಆಫೀಸಿನ ಗೋಡೆಗಳ ಮೇಲೆ ಕಾಯಕವೇ ಕೈಲಾಸ ಅಂತ ಇರುತ್ತದೆ. ಅದರ ಪಕ್ಕದಲ್ಲಿ ಲಕ್ಕಮ್ಮನ ಮಾತು ಮಾತ್ರ ಇರುವುದಿಲ್ಲ.

ಹರಿದಾಸರು ಬಂದಾಗ ಪ್ರಶ್ನೆ ಮನೆಮನೆಯ ಹಾಡಾಯಿತು. ಮಾನವ ಜನ್ಮ ದೊಡ್ಡದು, ಅದನ್ನು ಹಾಳು ಮಾಡಿಕೊಳ್ಳಬೇಡಿ ಅಂದ ಪುರಂದರದಾಸರೇ ಈಸಬೇಕು, ಇದ್ದು ಜೈಸಬೇಕು ಅಂತಲೂ ಹಾಡಿದರು. ಸಂಸಾರ ಬಿಟ್ಟು ಓಡಬೇಕಿಲ್ಲ ಅನ್ನೋದು ಅವರಿಂದ ಸಿಕ್ಕ ಸಮಾಧಾನ. ಕರಗದ ರಾತ್ರಿ ಮೆರವಣಿಗೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುವ ಊರು ಇದು. ಬದುಕು ದೇವರು ಒಡ್ಡಿದ ಪರೀಕ್ಷೆ, ಕೊನೆಗೆ ಲೆಕ್ಕ ಒಪ್ಪಿಸಬೇಕು ಅನ್ನುವ ಮುಸ್ಲಿಮರ ನಂಬಿಕೆಯೂ ಪೇಟೆಯ ಜನರಿಗೆ ಹೊಸದಲ್ಲ.

ಹೊಸ ಕಾಲದ ಕಥೆ ಬಸವನಗುಡಿಯಲ್ಲಿ ಶುರುವಾಗುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಬೀದಿಗಳಲ್ಲಿ ಸಾಲುಸಾಲು ಹೆಣ. ಅದಾದ ಮೇಲೆಯೇ ಗಾಳಿ ಬೆಳಕು ಇರುವ ಬಡಾವಣೆ ಬೇಕು ಅಂತ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಅಲ್ಲಿಗೆ ಬಂದವರಲ್ಲಿ ಗುಮಾಸ್ತರು, ಮೇಷ್ಟ್ರುಗಳು, ವಕೀಲರು ಜಾಸ್ತಿ. ಇಂಗ್ಲಿಷ್ ಓದಿದ್ದರು, ಸಂಧ್ಯಾವಂದನೆಯನ್ನೂ ಬಿಟ್ಟಿರಲಿಲ್ಲ. ಹಳೆಯ ಉತ್ತರ ಪೂರ್ತಿ ನಂಬಲಾಗದ, ಬಿಡಲೂ ಆಗದ ಜನ. ಒಂದರ ಹತ್ತಿರ ಒಂದು ಅನ್ನುವ ಹಾಗೆ ಅಲ್ಲಿ ಎದ್ದ ಸಂಸ್ಥೆಗಳನ್ನು ನೋಡಿ. 1904ರಲ್ಲಿ ಶುರುವಾದ ರಾಮಕೃಷ್ಣ ಮಠ, ಜೀವನ ಸೇವೆಗೆ ಅಂತ ಹೇಳಿತು. 1945ರಲ್ಲಿ ಬಿ.ಪಿ. ವಾಡಿಯಾ ಅವರ ವಿಶ್ವ ಸಂಸ್ಕೃತಿ ಸಂಸ್ಥೆ ಬಂತು. ಅದೇ ವರ್ಷ ಡಿ.ವಿ.ಜಿ.ಯವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಅಲ್ಲೇ ನ್ಯಾಷನಲ್ ಕಾಲೇಜು.

ಡಿ.ವಿ. ಗುಂಡಪ್ಪ ಮೆಟ್ರಿಕ್ ಪಾಸಾಗದ ಪತ್ರಕರ್ತ. 1943ರಲ್ಲಿ ಬಂದ ಅವರ ‘ಮಂಕುತಿಮ್ಮನ ಕಗ್ಗ’ದಲ್ಲಿ 945 ಪದ್ಯಗಳಿವೆ. ‘ಏನು ಜೀವನದರ್ಥ?’ ಅನ್ನೋ ನೇರ ಪ್ರಶ್ನೆ ಶುರುವಿನಲ್ಲೇ ಬರುತ್ತದೆ. ಅದರ ಹಿಂದಿನ ವರ್ಷ, 1942ರಲ್ಲಿ, ಫ್ರಾನ್ಸ್‌ನಲ್ಲಿ ಆಲ್ಬರ್ಟ್ ಕಮೂ ಬದುಕು ಅಸಂಗತ ಅಂತ ಬರೆದ ಪುಸ್ತಕ ಬಂದಿತ್ತು. ಇಬ್ಬರ ಮುಂದೆಯೂ ಅದೇ ಮಹಾಯುದ್ಧ, ದೇವರು ಸುಮ್ಮನಿದ್ದಾನೆ ಅನ್ನಿಸುವ ಅದೇ ಕಾಲ. ಕಮೂ ದೇವರಿಲ್ಲದೆಯೇ ಬದುಕನ್ನು ಒಪ್ಪಿಕೊಂಡರು. ಡಿ.ವಿ.ಜಿ. ಸಂಶಯವನ್ನು ಮುಚ್ಚಿಡದೆ, ಕೊನೆಗೆ ಎಲ್ಲರೊಳಗೆ ಒಂದಾಗಿ ಬಾಳುವ ಕಡೆಗೆ ಬಂದರು. ಅವರು ಅದನ್ನು ಬರೀ ಪದ್ಯದಲ್ಲಿ ಹೇಳಲಿಲ್ಲ. 1970ರಲ್ಲಿ ಸನ್ಮಾನ ಮಾಡಿ ಕೊಟ್ಟ ಒಂದು ಲಕ್ಷ ರೂಪಾಯಿಯನ್ನು ಹಾಗೇ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. ಲಕ್ಕಮ್ಮ ಮೆಚ್ಚುತ್ತಿದ್ದಳು ಅಂತ ನನಗೆ ಅನ್ನಿಸುತ್ತದೆ.

ಅದೇ ಬಸವನಗುಡಿಯಲ್ಲಿ ಎಚ್. ನರಸಿಂಹಯ್ಯ ಬೇರೆ ದಾರಿ ಹಿಡಿದರು. ಗೌರಿಬಿದನೂರಿನ ಹೊಸೂರಿನ ಬಡ ಮನೆಯ ಹುಡುಗ. 1942ರ ಚಳವಳಿಯಲ್ಲಿ ಜೈಲು ಸೇರಿದವರು. ಅಮೆರಿಕದ ಓಹಿಯೋದಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿಬಂದ ಮೇಲೂ ಖಾದಿ ಬಿಡಲಿಲ್ಲ, ಮದುವೆಯಾಗಲಿಲ್ಲ, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಿನಲ್ಲೇ ಇದ್ದರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ದೊಡ್ಡ ಗಲಾಟೆಯನ್ನೇ ಎದುರಿಸಿದರು. ವಿಜ್ಞಾನ ಪ್ರಕೃತಿಯಲ್ಲಿ ಯಾವ ಉದ್ದೇಶವನ್ನೂ ಕಂಡಿಲ್ಲ. ಹಾಗಾದರೆ ಬದುಕು ಖಾಲಿಯಾ ಅಂತ ಕೇಳುವವರಿಗೆ ಅವರು ಬದುಕಿದ ರೀತಿಯೇ ಉತ್ತರ. ಪರಲೋಕದ ಆಸೆ ಇಲ್ಲದೆ, ಇನ್ನೊಬ್ಬರ ಮಕ್ಕಳ ಓದಿಗಾಗಿ 2005ರಲ್ಲಿ ಕಣ್ಣು ಮುಚ್ಚುವವರೆಗೂ ದುಡಿದರು.

ಅರವತ್ತರ ದಶಕದಲ್ಲಿ ನವ್ಯ ಸಾಹಿತ್ಯದವರು ಅರ್ಥಹೀನತೆ, ಒಂಟಿತನ ಅಂತ ಬರೆದರು. ಅದರಲ್ಲಿ ಒಳ್ಳೆಯದಿದೆ. ಆದರೆ ಅದರಾಚೆ ಶ್ರೀರಾಂಪುರದಂಥ ಕೇರಿಯಲ್ಲಿ ಬೆಳೆದ ಸಿದ್ದಲಿಂಗಯ್ಯ 1975ರಲ್ಲಿ ‘ಹೊಲೆಮಾದಿಗರ ಹಾಡು’ ತಂದಾಗ ಪ್ರಶ್ನೆ ತಲೆಕೆಳಗಾಯಿತು. ನೀನು ಕೇರಿಯಲ್ಲಿ ಹುಟ್ಟಿದ್ದು ಹಿಂದಿನ ಜನ್ಮದ ಕರ್ಮ, ಸಹಿಸಿಕೋ ಅನ್ನುವುದೂ ಬದುಕಿನ ಅರ್ಥದ ಬಗೆಗಿನ ಒಂದು ವಿವರಣೆಯೇ. ಅತಿ ಕ್ರೂರ ವಿವರಣೆ. ದಲಿತ ಚಳವಳಿ ಅದನ್ನು ಒಪ್ಪಲಿಲ್ಲ. ಅಂಬೇಡ್ಕರ್ ಅವರ ಬುದ್ಧ ಆತ್ಮ, ಮೋಕ್ಷದ ಮಾತು ಬಿಟ್ಟು ಮನುಷ್ಯ ಮನುಷ್ಯನ ಜೊತೆ ಹೇಗಿರಬೇಕು ಅನ್ನುವುದನ್ನು ಮುಂದಿಟ್ಟಿದ್ದ. ಘನತೆ ಇಲ್ಲದ ಕಡೆ ಅರ್ಥದ ಮಾತು ಆಡುವವರನ್ನು ಅನುಮಾನಿಸಬೇಕು ಅಂತ ನಾನು ಕಲಿತದ್ದು ಈ ಪರಂಪರೆಯಿಂದ.

ಆಮೇಲೆ ಐ.ಟಿ. ಬಂತು, ಸಂಬಳ ಬಂತು, ಟ್ರಾಫಿಕ್ ಬಂತು. 1981ರಲ್ಲಿ ಶುರುವಾದ ಆರ್ಟ್ ಆಫ್ ಲಿವಿಂಗ್, 1997ರಲ್ಲಿ ರಾಜಾಜಿನಗರದಲ್ಲಿ ಬಾಗಿಲು ತೆರೆದ ಇಸ್ಕಾನ್ ದೇವಸ್ಥಾನ ಸಾವಿರಾರು ಜನರಿಗೆ ನೆಮ್ಮದಿ ಕೊಟ್ಟಿವೆ. ಆದರೆ ಎಲ್ಲರಿಗೂ ಈ ಪ್ರಶ್ನೆ ಸಮಾಧಾನದ ಹೊತ್ತಿನಲ್ಲಿ ಬರುವುದಿಲ್ಲ. ರಾತ್ರಿ ಎರಡು ಗಂಟೆಗೆ, ಪಿ.ಜಿ. ರೂಮಿನಲ್ಲಿ ಒಬ್ಬರೇ ಇರುವಾಗ, ಯಾಕೆ ಬದುಕಿರಬೇಕು ಅನ್ನೋ ರೂಪದಲ್ಲಿ ಬಂದರೆ ಅದಕ್ಕೆ ತತ್ವಶಾಸ್ತ್ರ ಸಾಲದು, ಒಬ್ಬ ಮನುಷ್ಯ ಬೇಕು. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಯಾವ ಹೊತ್ತಿಗಾದರೂ ಮಾಡಬಹುದು. ದಯವಿಟ್ಟು ನಂಬರ್ ಇಟ್ಟುಕೊಳ್ಳಿ, ಬೇಕಾದವರಿಗೆ ಕೊಡಿ.

ಈ ಚರಿತ್ರೆಗೆ ಇನ್ನೊಂದು ಪುಟವೂ ಸೇರಬೇಕು ಅಂತ ನನ್ನ ಹಠ. 2022ರ ಜುಲೈನಲ್ಲಿ ಬೆಂಗಳೂರಿನ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಫ್ರೀಡಂ ಪಾರ್ಕ್‌ನಲ್ಲಿ ಕೂತರು. ಅವರಲ್ಲಿ ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ಕೆಲಸ ಕಾಯಂ ಮಾಡಿ ಅನ್ನುವುದು ಮುಖ್ಯ ಬೇಡಿಕೆ. ಅವರಿಗೆ ಕಾಯಕದ ಬಗ್ಗೆ ಯಾರೂ ಪಾಠ ಮಾಡಬೇಕಿಲ್ಲ. ಊರು ಏಳುವ ಮೊದಲೇ ಎದ್ದು ಬೀದಿ ಗುಡಿಸುವವರು. ಅವರು ಕೇಳಿದ್ದು ಆ ಕೆಲಸಕ್ಕೆ ಸಿಗಬೇಕಾದ ಬೆಲೆ, ಮರ್ಯಾದೆ. ಕೆಲವೇ ದಿನಗಳಲ್ಲಿ ಸರ್ಕಾರ ಕಾಯಂ ಮಾಡುವ ಪ್ರಕ್ರಿಯೆಗೆ ಒಪ್ಪಿಕೊಂಡಿತು. ಒಪ್ಪಿದ್ದು ಎಲ್ಲರಿಗೂ ತಲುಪಿದೆಯಾ ಅಂತ ಕೇಳುವ ಕೆಲಸ ಈಗ ನಮ್ಮೆಲ್ಲರದ್ದು.