ಸಾಲದ ಎಸ್ಟೇಟು, ಗೇಣಿ ರೈತ, ಕೋರ್ಟು: ಐರ್ಲೆಂಡ್ ಲ್ಯಾಂಡ್ ಆಕ್ಟ್ ನೋಟ್ಸ್

ಈ ಚಾಪ್ಟರ್‌ನಲ್ಲಿ ನಂಗೆ ಎಲ್ಲಾ ಕಾಯ್ದೆನೂ ಒಂದೇ ಥರ ಕಾಣ್ತಿದ್ವು, ಇಸವಿ ಬಾಯಿಪಾಠ ಮಾಡೋದು, ಎರಡು ದಿನಕ್ಕೆ ಮರೆಯೋದು. ಆಮೇಲೆ ಒಂದೇ ಪ್ರಶ್ನೆ ಹಿಡ್ಕೊಂಡು ಓದ್ದೆ: ಜಮೀನು ಮಾರಿದಾಗ ಅದರ ಮೇಲಿದ್ದ ಸಾಲ ಎಲ್ಲಿಗೆ ಹೋಗುತ್ತೆ? ಆಗ ಗಂಟು ಬಿಚ್ಕೊಂಡ್ತು.

ಐರ್ಲೆಂಡ್ ಜಮೀನ್ದಾರರ ಎಸ್ಟೇಟುಗಳು 1845ರ ಆಲೂಗಡ್ಡೆ ಕ್ಷಾಮಕ್ಕೆ ಮುಂಚೇನೇ ಸಾಲದಲ್ಲಿದ್ವು. ಅಡಮಾನದ ಬಡ್ಡಿ ಒಂದು ಕಡೆ, ಹಳೇ ಸೆಟಲ್‌ಮೆಂಟ್ ಪತ್ರದಲ್ಲಿ (ಮನೆತನದ ಆಸ್ತಿ ಯಾರ್ಯಾರಿಗೆ ಅನ್ನೋ ಪತ್ರ) ವಿಧವೆಗೆ ವರ್ಷಾಶನ, ತಮ್ಮ ತಂಗೀರಿಗೆ ಇಷ್ಟಿಷ್ಟು ದುಡ್ಡು ಅಂತ ಬರೆದಿಟ್ಟಿರೋದು ಇನ್ನೊಂದು ಕಡೆ. ಕ್ಷಾಮದಲ್ಲಿ ಗೇಣಿ ನಿಂತೋಯ್ತು, ಬಡವರ ಪರಿಹಾರದ ತೆರಿಗೆ ಏರ್ತು, ಮಾರಿ ಕೈತೊಳ್ಕೊಳ್ಳೋಣ ಅಂದ್ರೆ ಚಾನ್ಸರಿ ಕೋರ್ಟ್‌ನಲ್ಲಿ ಕೇಸು ವರ್ಷಗಟ್ಟಲೆ ಎಳೀತಿತ್ತು.

ಅದಕ್ಕೇ 1849ರಲ್ಲಿ ಡಬ್ಲಿನ್‌ನಲ್ಲಿ ಎನ್‌ಕಂಬರ್ಡ್ ಎಸ್ಟೇಟ್ಸ್ ಕೋರ್ಟ್ ಬಂತು, ಅಂದ್ರೆ ಸಾಲದ ಹೊರೆ ಇರೋ ಎಸ್ಟೇಟು ಮಾರೋ ಕೋರ್ಟ್, ಮೂರು ಜನ ಕಮಿಷನರ್‌ಗಳು. ಬಡ್ಡಿ ಮತ್ತಿತರ ಹೊರೆ ವಾರ್ಷಿಕ ನಿವ್ವಳ ಆದಾಯದ ಅರ್ಧ ದಾಟಿದ್ರೆ ಸಾಕು, ಮಾಲೀಕನೇ ಆಗ್ಲಿ ಸಾಲ ಕೊಟ್ಟವನೇ ಆಗ್ಲಿ ಅರ್ಜಿ ಹಾಕಬಹುದು. ಇಲ್ಲೇ ಇರೋದು ಮುಖ್ಯ ಪಾಯಿಂಟ್. ಕೋರ್ಟ್ ಮಾರಿದ ಜಮೀನಿಗೆ ಪಾರ್ಲಿಮೆಂಟರಿ ಟೈಟಲ್ ಸಿಗ್ತಿತ್ತು, ಅಂದ್ರೆ ಸಾಲ ಮಣ್ಣಿಂದ ಎದ್ದು ಮಾರಿದ ದುಡ್ಡಿನ ಮೇಲೆ ಹೋಗಿ ಕೂರುತ್ತೆ, ಸಾಲ ಕೊಟ್ಟವರು ಆ ದುಡ್ಡಿಗೋಸ್ಕರ ತಮ್ಮತಮ್ಮಲ್ಲೇ ಕಿತ್ತಾಡ್ಕೋಬೇಕು, ತಗೊಂಡವನಿಗೆ ತಲೆನೋವಿಲ್ಲ. ನಾವು ಸೈಟ್ ತಗೊಳ್ಳೋವಾಗ ಇಸಿ (ಋಣಭಾರ ಪತ್ರ) ತೆಗೆಸಿ ಹೆದರ್ತಾ ಕೂರ್ತೀವಲ್ಲ, ಅಲ್ಲಿ ಕೋರ್ಟೇ ನಿಲ್ ಇಸಿ ಕೊಟ್ಟ ಹಾಗೆ. ಪಶ್ಚಿಮ ಐರ್ಲೆಂಡಿನ ಕನ್ನೆಮಾರಾದ ಮಾರ್ಟಿನ್ ಮನೆತನದ ಸುಮಾರು 2 ಲಕ್ಷ ಎಕರೆ ಕೊನೆಗೆ ಸಾಲ ಕೊಟ್ಟಿದ್ದ ಇನ್ಶೂರೆನ್ಸ್ ಕಂಪನಿ ಪಾಲಾಯ್ತು.

ಗೇಣಿ ರೈತನಿಗೆ ಏನಾಯ್ತು? ಮಾರಾಟಕ್ಕೆ ಮುಂಚೆ ಪ್ರಿಂಟ್ ಮಾಡ್ತಿದ್ದ ರೆಂಟಲ್ ಪುಸ್ತಕದಲ್ಲಿ ಅವನ ಹೆಸರು, ಎಕರೆ, ಗೇಣಿ ಇರ್ತಿತ್ತು, ಆದ್ರೆ ಅವನ ಅಪ್ಪ ಕಲ್ಲು ಆಯ್ದು ಹದ ಮಾಡಿದ್ದಕ್ಕೆ, ಬಾಯಿಮಾತಲ್ಲಿ ನಡ್ಕೊಂಡು ಬಂದ ಹಕ್ಕಿಗೆ ಕಾಲಮ್ಮೇ ಇಲ್ಲ. ಕ್ಲೀನ್ ಟೈಟಲ್‌ನ ಇನ್ನೊಂದು ಮುಖ ಇದು, ನನ್ನ ಪ್ರಕಾರ ಪರೀಕ್ಷೆಯಲ್ಲಿ ಬರೀಬೇಕಾದ್ದೂ ಇದೇ.

1858ರಲ್ಲಿ ಆ ಎನ್‌ಕಂಬರ್ಡ್ ಕೋರ್ಟೇ ಲ್ಯಾಂಡೆಡ್ ಎಸ್ಟೇಟ್ಸ್ ಕೋರ್ಟ್ ಆಯ್ತು. 1870ರ ಕಾಯ್ದೆಯ ಬ್ರೈಟ್ ಕ್ಲಾಸ್‌ಗಳಲ್ಲಿ (ಬ್ರೈಟ್ ಅನ್ನೋ ಸಂಸದನ ಹೆಸರಿನ ಕಲಮುಗಳು) ರೈತನಿಗೇ ಮಾರೋಕೆ ಅನುಕೂಲ ಮಾಡಿಕೊಡಿ, ಬೆಲೆಯ ಮೂರನೇ ಎರಡು ಭಾಗ ಸರ್ಕಾರ ಸಾಲ ಕೊಡುತ್ತೆ ಅಂದ್ರು, ಆದ್ರೆ ಎಸ್ಟೇಟಿನಲ್ಲಿ ಹಿತಾಸಕ್ತಿ ಇರೋರಿಗೆ ನಷ್ಟ ಆಗಬಾರದು ಅನ್ನೋ ಷರತ್ತೂ ಸೇರಿಸಿದ್ರು. ಜಗಳ ಅಲ್ಲೇ. ದುಡ್ಡಿರೋ ರೈತ ತನ್ನ ತುಂಡು ತಗೊಂಡು ಹೋದ್ರೆ ಮಿಕ್ಕಿದ ಚೂರುಪಾರು ಯಾರು ತಗೋತಾರೆ ಅಂತ ಸಾಲ ಕೊಟ್ಟವರ ವಾದ, ಅದನ್ನ ತಳ್ಳಿಹಾಕೋಕೂ ಆಗಲ್ಲ. ಕೊನೆಗೆ ಬ್ರೈಟ್ ಕ್ಲಾಸ್‌ಗಳಿಂದ ಜಮೀನು ಕೊಂಡ ರೈತರು 877 ಮಾತ್ರ.

1885ರ ಆ್ಯಶ್‌ಬೋರ್ನ್ ಕಾಯ್ದೆಯಲ್ಲಿ ಪೂರ್ತಿ ಬೆಲೆ ಸಾಲ, ವರ್ಷಕ್ಕೆ ಶೇ. 4ರಂತೆ 49 ವರ್ಷ ಕಂತು. 1896ರ ಕಾಯ್ದೆ ರಿಸೀವರ್ (ಕೋರ್ಟ್ ನೇಮಿಸಿದ ಮೇಲ್ವಿಚಾರಕ) ಕೈಲಿದ್ದ ದಿವಾಳಿ ಎಸ್ಟೇಟುಗಳನ್ನ ರೈತರಿಗೆ ಮಾರೋ ದಾರಿ ಗಟ್ಟಿ ಮಾಡ್ತು, 40ನೇ ಸೆಕ್ಷನ್ ಅಂಡರ್‌ಲೈನ್ ಮಾಡ್ಕೊಳ್ಳಿ.

1903ರ ವಿಂಡಮ್ ಕಾಯ್ದೆ ಲೆಕ್ಕ ಹಾಕಿಯೇ ಅರ್ಥ ಮಾಡ್ಕೋಬೇಕು. ರೈತನ ಗೇಣಿ ವರ್ಷಕ್ಕೆ 10 ಪೌಂಡ್ ಅನ್ಕೊಳ್ಳಿ, ಮಾತುಕತೆಯಾಗಿ ಅದರ ಬದಲು ಕಟ್ಟೋ ಕಂತು 8 ಪೌಂಡ್‌ಗೆ ಇಳೀತು. ವರ್ಷದ ಕಂತು ಬೆಲೆಯ ಶೇ. 3.25, ಹಾಗಾಗಿ ಬೆಲೆ ಸುಮಾರು 246 ಪೌಂಡ್, 68 ವರೆ ವರ್ಷ ಕಟ್ಟಬೇಕು. ಇದರ ಮೇಲೆ ಜಮೀನ್ದಾರನಿಗೆ ಖಜಾನೆಯಿಂದ ಶೇ. 12 ಬೋನಸ್, ಅಂದ್ರೆ ಹತ್ತಿರ ಹತ್ತಿರ 29.5 ಪೌಂಡ್. 246 ಪೌಂಡ್ ಮೇಲೆ ಅಡಮಾನದವರ, ವರ್ಷಾಶನದವರ ಕಣ್ಣು ಮೊದಲೇ ಇತ್ತು. ಈ ಬೋನಸ್ಸೂ ಬೆಲೆಯ ಭಾಗಾನಾ, ಇಲ್ಲಾ ಬದುಕಿರೋವರೆಗೆ ಮಾತ್ರ ಹಕ್ಕಿರೋ ಮಾಲೀಕ ಜೇಬಿಗೆ ಹಾಕ್ಕೋಬಹುದಾ? ಸಾಲದ ಹೊರೆಯಲ್ಲಿದ್ದ ಜಮೀನ್ದಾರ ಮಾರೋಕೆ ಒಪ್ಪೋದೇ ಆ ದುಡ್ಡಿನ ಆಸೆಗೆ, ಅದೂ ಸಾಲ ಕೊಟ್ಟವನ ಪಾಲಾದ್ರೆ ಸಹಿ ಯಾಕೆ ಹಾಕ್ತಾನೆ? 1904ರಲ್ಲಿ ಇದೊಂದಕ್ಕೇ ಪುಟ್ಟ ಕಾಯ್ದೆ ತಂದು ಬೋನಸ್ ಮಾರಿದವನದ್ದೇ ಅಂದ್ರು.